ಹಂಜಿಗೆ ಹುಲ್ಲು

ಆ ಬೆಳಿಗ್ಗೆ ಪಡಸಾಲೆಯ ಕಸ ಹೊಡೆಯುವಾಗ ಮಾಣಿಕಮ್ಮನ ಕಸಬರಿಗೆಗೆ ಒಂದು ಹಿಕ್ಕೆಯೂ ಸಿಗಲಿಲ್ಲ. ಮೊದಲೆಲ್ಲ ಪರಸಿ ಕಲ್ಲಿನ ನೆಲದ ಮೇಲೆ ಮೆಣಸಿನ ಕಾಳು ಚೆಲ್ಲಿದಂತೆ ಹಿಕ್ಕೆಗಳು ಬಿದ್ದಿರುತ್ತಿದ್ದವು. ಹದಿನೈದು ದಿನಗಳಿಂದ ಅವು ಕಡಿಮೆಯಾಗುತ್ತ ಬಂದಿದ್ದನ್ನು ಅವಳು ನೋಡಿದ್ದಳು, ಆದರೆ ಅದಕ್ಕೆ ಅರ್ಥವಿದೆಯೆಂದು ತಿಳಿದಿರಲಿಲ್ಲ. ಈಗ ಕಸಬರಿಗೆ ಬಿಟ್ಟು ಮೂಲೆಗೆ ಹೋಗಿ ನೋಡಿದಳು. ಮೊಲ ಬೆನ್ನು ಗೂನು ಮಾಡಿಕೊಂಡು ಗೋಡೆಗೆ ಒತ್ತಿ ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಹಲ್ಲು ಕಡಿಯುವ ಸಣ್ಣ ಸದ್ದು ಕೇಳುತ್ತಿತ್ತು. ಹಾಲಿನಲ್ಲಿ ನೆನೆಸಿದ ರೊಟ್ಟಿಯ ಬಟ್ಟಲು ಹಿಂದಿನ ಸಂಜೆ ಇಟ್ಟಂತೆಯೇ ಇತ್ತು. ಕಿವಿ ಮುಟ್ಟಿದರೆ ನೆಲದಷ್ಟೇ ತಣ್ಣಗಿತ್ತು.

ಮಾಣಿಕಮ್ಮ ಅಲ್ಲೇ ಕೂತಳು. ಒಳಗೆ ಎತ್ತಿಗೆ ಹೊಟ್ಟು ಕಲಸುತ್ತಿದ್ದ ಗಂಡ ಈಶಪ್ಪನನ್ನು ಅವಳು ಕೂಗಲಿಲ್ಲ. ಅವನು ತಾನಾಗಿ ಹೊರಗೆ ಬಂದಾಗ ಮೊಲ ಅವಳ ಸೆರಗಿನಲ್ಲಿತ್ತು.

ನಿಜಾಮರ ರಾಜ್ಯದ ಲೆಕ್ಕದಲ್ಲಿ ಫಸಲಿ ವರ್ಷ ಸಾವಿರದ ಮುನ್ನೂರ ನಲವತ್ತಾರರ ಪುಷ್ಯ ಮಾಸ ಅದು. ಗಂಡ ಹೆಂಡತಿ ತಾಂಡೂರಿನ ಅಂಚಿನಲ್ಲಿ, ರೈಲು ಹಳಿಯಿಂದ ಒಂದು ಹೊಲದಾಚೆ ಇದ್ದವರು. ಅವರಿಗೆ ತೊಗರಿ, ಜೋಳ ಬೆಳೆಯುವ ಹೊಲವಿತ್ತು. ಹೊಲದ ಕೆಲಸ ಇಲ್ಲದ ದಿನಗಳಲ್ಲಿ ಈಶಪ್ಪ ಖಣಿಯಿಂದ ಪರಸಿ ಕಲ್ಲನ್ನು ಬಂಡಿಗೆ ಹೇರಿ ಸ್ಟೇಷನ್ನಿನ ಗೋದಾಮಿಗೆ ಮುಟ್ಟಿಸುತ್ತಿದ್ದ. ಎರಡು ವರ್ಷದ ಹಿಂದೆ ಗೋದಾಮಿನ ಬಾಬುವಿಗೆ ಕಾಜಿಪೇಟೆಗೆ ವರ್ಗವಾದಾಗ, ಅವನು ತನ್ನ ಮಕ್ಕಳು ಸಾಕಿದ್ದ ಬಿಳಿ ಮೊಲವನ್ನು ರೈಲಿನಲ್ಲಿ ಒಯ್ಯಲಾಗದೆ, ಅಪ್ಪನ ಬಂಡಿಯ ಮೇಲೆ ಕೂತು ಬಂದಿದ್ದ ಈಶಪ್ಪನ ಮಗಳ ಮಡಿಲಿಗೆ ಇಟ್ಟು ಹೋಗಿದ್ದ. ಮಗಳ ಹೆಸರು ಕೌಶಲ್ಯಾ. ಅವಳಿಗೆ ಆಗ ಆರು ವರ್ಷ. ನೂಲುವ ಮೊದಲು ಸುತ್ತಿಟ್ಟ ಹತ್ತಿಯ ಸುರುಳಿಯಂತೆ ಬೆಳ್ಳಗೆ, ಮೆತ್ತಗೆ ಇದೆಯೆಂದು ಅದಕ್ಕೆ ಹಂಜಿ ಎಂದು ಕರೆದಳು. ಮೊಲದ ಚಾಕರಿಯೆಲ್ಲ ಅವಳದೇ. ಅದಕ್ಕೆ ಏನು ಹಾಕುತ್ತಾಳೆ, ಎಲ್ಲಿ ಬಿಡುತ್ತಾಳೆ ಎಂದು ಮಾಣಿಕಮ್ಮ ಎಂದೂ ತಲೆ ಕೆಡಿಸಿಕೊಂಡವಳಲ್ಲ.

ಕಳೆದ ಭಾದ್ರಪದದಲ್ಲಿ ಊರಿಗೆ ಮುದ್ದತ್ತಿನ ಜ್ವರ ಬಂತು. ಇಪ್ಪತ್ತೊಂದು ದಿನ ಇಳಿಯದ ಜ್ವರ. ಕೌಶಲ್ಯಾ ಹದಿನೆಂಟನೆಯ ದಿನ ಬೆಳಿಗ್ಗೆ ಹೋದಳು. ಅವರಿಗೆ ಬೇರೆ ಮಕ್ಕಳಿರಲಿಲ್ಲ.

ಅಂದಿನಿಂದ ಮಾಣಿಕಮ್ಮ ಅಂಗಳ ದಾಟಿರಲಿಲ್ಲ. ನೀರನ್ನು ಪಕ್ಕದ ಮನೆಯ ಸುಗಲಾಬಾಯಿ ತಂದುಕೊಡುತ್ತಿದ್ದಳು. ಮಾಣಿಕಮ್ಮ ಗಂಡನೊಡನೆ ಮಾತಾಡುತ್ತಿದ್ದುದು ಊಟಕ್ಕೆ ಕರೆಯುವಾಗ ಮಾತ್ರ. ಉಳಿದ ಜೀವವನ್ನೆಲ್ಲ ಮೊಲದ ಮೇಲೆ ಇಟ್ಟಿದ್ದಳು. ಬೆಳಿಗ್ಗೆ ಹಾಲಲ್ಲಿ ನೆನೆಸಿದ ರೊಟ್ಟಿ, ಬಿಸಿಲೇರಿದ ಮೇಲೆ ಹುರಿದ ಪುಠಾಣಿ ಕಡಲೆ, ನಡುವೆ ಬೆಲ್ಲ, ಸಂಜೆ ಬತಾಸು. ಮೊಲ ಎರಡು ಕಾಲ ಮೇಲೆ ನಿಂತು ಮೂಗು ಅಲುಗಿಸಿ ಕೇಳುತ್ತಿತ್ತು. ಅದು ಕೇಳಿದಾಗ ಇಲ್ಲ ಎನ್ನುವುದು ಅವಳ ಕೈಲಾಗುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಅದು ದುಂಡಗಾಯಿತು. ಮೆತ್ತನೆಯ ಸಗಣಿ ಹಿಂಬದಿಯ ಕೂದಲಿಗೆ ಅಂಟತೊಡಗಿತು. ಅವಳು ಬೇಸರವಿಲ್ಲದೆ ಬಿಸಿನೀರಿನಲ್ಲಿ ತೊಳೆದಳು. ಒಂದು ಬೆಳಿಗ್ಗೆ ಅದು ಬಗ್ಗಿ ತನ್ನ ಸಗಣಿಯನ್ನು ತಾನೇ ತಿನ್ನುವುದು ಕಣ್ಣಿಗೆ ಬಿತ್ತು. ಅವಳಿಗೆ ಅಳುವೇ ಬಂದಿತು. ಇಷ್ಟೆಲ್ಲ ಕೊಟ್ಟರೂ ಹೊಲಸು ತಿನ್ನುವಷ್ಟು ಹಸಿವೇ ಎಂದುಕೊಂಡು ಇನ್ನಷ್ಟು ರೊಟ್ಟಿ ಹಾಕಿದಳು, ಬಾಯಿ ಹಿಂದಕ್ಕೆ ಹೋಗದಂತೆ ಸೊಂಟಕ್ಕೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿದಳು.

ಈಶಪ್ಪ ಮೊಲವನ್ನು ನೋಡಿದ, ಹೆಂಡತಿಯ ಮುಖ ನೋಡಿದ. ದನ ಕುದುರೆ ನೋಡುವ ಸಾಲೋತ್ರಿ ತಿಂಗಳಿಗೊಮ್ಮೆ ಬರುತ್ತಿದ್ದ, ಬಂದು ಹೋಗಿ ಇನ್ನೂ ವಾರವಾಗಿರಲಿಲ್ಲ. ಆದರೆ ತೊಗರಿ ಕೊಯ್ದ ಹೊಲದಲ್ಲಿ ಈಶಪ್ಪ ಗೊಬ್ಬರಕ್ಕೆಂದು ಬೊಮ್ರಾಸಪೇಟೆ ಕಡೆಯ ಕುರಿ ಹಿಂಡನ್ನು ಐದು ದಿನದ ಮಟ್ಟಿಗೆ ಕರೆಸಿ ನಿಲ್ಲಿಸಿದ್ದ. ಹಿಂಡಿನ ಜೊತೆ ಬಕ್ಕಪ್ಪ ಎಂಬವನೂ ಅವನ ಅಕ್ಕ ಮರೆಮ್ಮನೂ ಇದ್ದರು. ಹೊಟ್ಟೆ ಉಬ್ಬಿದ ಟಗರನ್ನು ಮರೆಮ್ಮ ಬರಿಗೈಯಲ್ಲೇ ಎಬ್ಬಿಸಿ ನಿಲ್ಲಿಸಿದ್ದನ್ನು ಅವನು ಎರಡು ದಿನದ ಹಿಂದೆ ಕಣ್ಣಾರೆ ಕಂಡಿದ್ದ. ಹೆಗಲಿಗೆ ಟವಲು ಹಾಕಿಕೊಂಡು ಹೊಲದ ಕಡೆ ನಡೆದ.

ಮರೆಮ್ಮ ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ಐವತ್ತು ದಾಟಿದ ಹೆಂಗಸು. ಬಿಸಿಲಿಗೆ ಕಪ್ಪಾದ ಮುಖ, ಹೆಗಲ ಮೇಲೆ ಕಂಬಳಿ. ಅಂಗಳದಲ್ಲಿ ಕಾಲು ತೊಳೆದು ಒಳಗೆ ಬಂದವಳು ಮೊದಲು ಮೊಲವನ್ನು ಮುಟ್ಟಲಿಲ್ಲ. ಸ್ವಲ್ಪ ದೂರ ಕೂತು ಅದು ಉಸಿರಾಡುವುದನ್ನು ನೋಡಿದಳು. ಆಮೇಲೆ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡು ಅದರ ಹೊಟ್ಟೆಯ ಕೆಳಗೆ ಕೈ ಹಾಕಿದಳು. ಕಿವಿ ಇಟ್ಟು ಬಹಳ ಹೊತ್ತು ಆಲಿಸಿದಳು.

ಏನು ತಿನ್ನಿಸಿದ್ದೀಯ ಎಂದು ಕೇಳಿದಾಗ ಮಾಣಿಕಮ್ಮ ಒಂದೊಂದಾಗಿ ಹೇಳಿದಳು. ನೀರು ಎಷ್ಟು ಕುಡಿಯುತ್ತದೆ ಎಂದರೆ, ನೀರು ಇಟ್ಟೇ ಇಲ್ಲ, ಹಾಲು ಕೊಡುತ್ತೇನೆ ಎಂದಳು. ಮರೆಮ್ಮ ಸೊಂಟದ ಪಟ್ಟಿಯನ್ನು ತೋರಿಸಿ ಇದೇಕೆ ಎಂದಳು. ಮಾಣಿಕಮ್ಮ ತಲೆ ತಗ್ಗಿಸಿ ಕಾರಣ ಹೇಳಿದಳು.

ಮರೆಮ್ಮ ನಗಲಿಲ್ಲ, ಬೈಯಲೂ ಇಲ್ಲ. ಗಂಟು ಬಿಚ್ಚಿ ಪಟ್ಟಿಯನ್ನು ಪಕ್ಕಕ್ಕಿಟ್ಟಳು.

"ಯವ್ವಾ, ಕುರಿ ಒಮ್ಮಿ ತಿಂದಿದ್ದ ಮತ್ತ ಬಾಯಿಗಿ ತಂದು ಮೆಲುಕ ಹಾಕ್ತದ. ಮೊಲಕ್ಕ ಮೆಲುಕ ಇಲ್ಲ. ಅಡವ್ಯಾಗ ಕುಂತು ನೋಡೀನಿ ನಾ, ಕಾಡಮೊಲ ಸುದ್ದಾ ಹಿಂಗೇ ಬಗ್ಗಿ ತಿಂತದ. ಮೆತ್ತಂದು ಒಳಗ ಹೋಗ್ತದ, ಆಮ್ಯಾಲ ಗಟ್ಟಿ ಹಿಕ್ಕಿ ಹೊರಗ ಬೀಳ್ತದ. ಇದರ ಮೆಲುಕ ಅದೇ. ಅದನ್ನ ನೀ ಕಟ್ಟಿ ಹಾಕೀದಿ."

ಆಮೇಲೆ ಅವಳು ಮಾಡಿದ್ದೆಲ್ಲ ನಿಧಾನದ ಕೆಲಸ. ಕಂಬಳಿಯನ್ನು ಬಿಸಿಲಿಗೆ ಕಾಯಿಸಿ ತಂದು ಮೊಲವನ್ನು ಅದರಲ್ಲಿ ಸುತ್ತಿದಳು. ಅಜವಾನ ಕುದಿಸಿದ ನೀರನ್ನು ಆರಿಸಿ, ಬಟ್ಟೆಯ ಬತ್ತಿ ಅದ್ದಿ, ಬಾಯಿಯ ಪಕ್ಕದಿಂದ ಹನಿಹನಿಯಾಗಿ ಬಿಟ್ಟಳು. ಒಮ್ಮೆಲೇ ಹಾಕಿದರೆ ಉಸಿರಿನ ದಾರಿಗೆ ಹೋಗುತ್ತದೆ ಎಂದು ಪ್ರತಿ ಹನಿ ನುಂಗುವವರೆಗೂ ಕಾದಳು. ಎರಡು ಬೆರಳುಗಳಿಂದ ಹೊಟ್ಟೆಯನ್ನು ಮುಂದಿನಿಂದ ಹಿಂದಕ್ಕೆ, ಹಸುಗೂಸಿಗೆ ಎಣ್ಣೆ ಹಚ್ಚುವಷ್ಟು ಹಗುರಾಗಿ ನೀವಿದಳು. ನಡುನಡುವೆ ಕೆಳಗೆ ಬಿಟ್ಟು ನಾಲ್ಕು ಹೆಜ್ಜೆ ಕುಪ್ಪಳಿಸುವಂತೆ ಮಾಡಿದಳು. ಈಶಪ್ಪ ಹೊಲದ ಬದುವಿನಿಂದ ಒಣಹುಲ್ಲನ್ನು, ಬಾವಿಯ ಹತ್ತಿರದಿಂದ ಹಸಿ ಕರಿಕಿ ಹುಲ್ಲನ್ನು ಕಿತ್ತು ತಂದ. ಕೌಶಲ್ಯಾ ದಿನವೂ ಇದೇ ಹುಲ್ಲು ಕೀಳುತ್ತಿದ್ದಳು, ಮೊಲವನ್ನು ಬದುವಿನ ಮೇಲೆ ಬಿಟ್ಟು ಕಾಯುತ್ತಿದ್ದಳು ಎಂದು ಅವನು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ. ಮಾಣಿಕಮ್ಮ ಕೇಳಿದಳೋ ಇಲ್ಲವೋ ತಿಳಿಯಲಿಲ್ಲ.

ಹೊತ್ತು ಇಳಿಯುವ ವೇಳೆಗೆ ಕಂಬಳಿಯ ಮಡಿಕೆಯಲ್ಲಿ ಮೂರು ಹಿಕ್ಕೆ ಸಿಕ್ಕವು. ಸಾಸಿವೆಗಿಂತ ಸ್ವಲ್ಪ ದೊಡ್ಡವು, ನುಂಗಿದ ಕೂದಲಿನಿಂದ ಒಂದಕ್ಕೊಂದು ಪೋಣಿಸಿದಂತೆ ಇದ್ದವು. ಮೊಲ ಕಣ್ಣು ತೆರೆದು ಒಂದು ಎಳೆ ಕರಿಕಿಯನ್ನು ಮೂಸಿತು. ಮರೆಮ್ಮ ಎದ್ದಳು. ಕುರಿಗಳು ಹಟ್ಟಿಗೆ ಸೇರುವ ಹೊತ್ತಾಗಿತ್ತು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು, ಹುಲ್ಲು ಮತ್ತು ನೀರು ಬಿಟ್ಟರೆ ಏನೂ ಕೊಡಬೇಡ, ಅದು ಬೇಡಿದರೂ ಕೊಡಬೇಡ ಎಂದು ಎರಡು ಸಲ ಹೇಳಿದಳು. ಮಾಣಿಕಮ್ಮ ತಲೆ ಆಡಿಸಿದಳು.

ಮರುದಿನ ಬೆಳಿಗ್ಗೆ ಮರೆಮ್ಮ ಮತ್ತೆ ಬಂದಾಗ ಮೊಲದ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ನಿನ್ನೆಗಿಂತ ಕೆಟ್ಟ ಸ್ಥಿತಿ. ತಲೆ ಎತ್ತುವ ಶಕ್ತಿಯೂ ಇರಲಿಲ್ಲ. ಮರೆಮ್ಮ ಏನು ಕೊಟ್ಟೆ ಎಂದು ಕೇಳಿದಳು. ಏನೂ ಕೊಟ್ಟಿಲ್ಲ ಎಂದಳು ಮಾಣಿಕಮ್ಮ. ಆದರೆ ಮೂಲೆಯ ಚಾಪೆಯ ಅಂಚಿನಲ್ಲಿ ಇರುವೆ ಸಾಲು ಹಿಡಿದಿತ್ತು. ಮರೆಮ್ಮ ಚಾಪೆ ಎತ್ತಿದಳು. ಬತಾಸಿನ ಬಿಳಿ ಪುಡಿಯಿತ್ತು, ರೊಟ್ಟಿಯ ತುಣುಕಿತ್ತು. ಅವಳು ಚಾಪೆಯನ್ನು ಮೆಲ್ಲಗೆ ಮೊದಲಿನಂತೆ ಬಿಟ್ಟಳು.

"ಅದು ನನ್ನ ಕಡಿ ನೋಡ್ತಿತ್ತು ಅತ್ತಿ," ಎಂದಳು ಮಾಣಿಕಮ್ಮ.

ಈಶಪ್ಪ ಆಗ ಹುಲ್ಲಿನ ಹೊರೆ ಹೊತ್ತು ಅಂಗಳಕ್ಕೆ ಬಂದಿದ್ದ. ಒಳಗಿನ ದನಿ ಕೇಳಿ ಹೊಸ್ತಿಲ ಹೊರಗೇ ನಿಂತುಬಿಟ್ಟ. ನಾಲ್ಕು ತಿಂಗಳಲ್ಲಿ ಹೆಂಡತಿ ಅಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

ಮಾಣಿಕಮ್ಮ ಮಗಳ ಕೊನೆಯ ದಿನಗಳನ್ನು ಹೇಳುತ್ತ ಹೋದಳು. ಜ್ವರ ಬಂದ ದಿನವೇ ಹಕೀಮರು ಕಟ್ಟುನಿಟ್ಟಾಗಿ ಹೇಳಿದ್ದರು, ಕರುಳು ಹುಣ್ಣಾಗಿರುತ್ತದೆ, ಒಂದು ಅಗುಳೂ ಒಳಗೆ ಹೋಗಬಾರದು, ಗಂಜಿಯ ತಿಳಿ ಮಾತ್ರ. ಆ ಕಾಲದಲ್ಲಿ ಈ ಜ್ವರಕ್ಕೆ ಎಲ್ಲ ಹಕೀಮರೂ ವೈದ್ಯರೂ ಹೇಳುತ್ತಿದ್ದುದು ಅದನ್ನೇ. ಮಾಣಿಕಮ್ಮ ಅಕ್ಷರ ತಪ್ಪದೆ ಪಾಲಿಸಿದಳು. ಮಗಳು ಮೊದಲ ವಾರ ರೊಟ್ಟಿ ಕೇಳಿದಳು. ಎರಡನೆಯ ವಾರ ರೊಟ್ಟಿಯ ಸುಟ್ಟ ಪೊರೆಯನ್ನಾದರೂ ಕೊಡು ಎಂದಳು. ಮನೆಯಲ್ಲಿ ಒಲೆಯ ವಾಸನೆ ಬಂದರೆ ಮಗಳು ಅಳುತ್ತಾಳೆಂದು ಮಾಣಿಕಮ್ಮ ಸುಗಲಾಬಾಯಿಯ ಮನೆಯಲ್ಲಿ ಅಡಿಗೆ ಮಾಡಿದಳು. ಹದಿನೇಳನೆಯ ದಿನ ಮಗಳಿಗೆ ಅಳಲೂ ಆಗುತ್ತಿರಲಿಲ್ಲ. ಬೆಲ್ಲದ ಒಂದು ಚೂರು ನಾಲಿಗೆಗೆ ಇಡು, ನುಂಗುವುದಿಲ್ಲ, ಉಗುಳುತ್ತೇನೆ ಎಂದು ಬೇಡಿಕೊಂಡಳು. ಇನ್ನು ನಾಲ್ಕೇ ದಿನ, ಜ್ವರ ಇಳಿಯಲಿ ಎಂದು ಮಾಣಿಕಮ್ಮ ಬೆಲ್ಲದ ಗಡಿಗೆಯನ್ನು ಮಗಳ ಕಣ್ಣಿಗೆ ಬೀಳದಂತೆ ಅಟ್ಟದ ಮೇಲೆ ಇಟ್ಟಳು.

"ಅವತ್ತ ಸಂಜಿತನಾ ನನ್ನ ಕಡಿ ನೋಡ್ಕೋತ ಮಲಗಿದ್ದಳು," ಎಂದಳು ಮಾಣಿಕಮ್ಮ. "ಬರೇ ಬಾಯಿಲೇ ಹೋದಳು ನನ್ನ ಮಗಳು. ನಾ ಇಲ್ಲ ಅಂದಿದ್ದಕ್ಕ. ಈಗ ಇದಕ್ಕೂ ಇಲ್ಲ ಅಂತ ಹ್ಯಾಂಗ ಅನ್ಲಿ ಅತ್ತಿ."

ಮರೆಮ್ಮನ ಬೆರಳುಗಳು ಮೊಲದ ಹೊಟ್ಟೆಯ ಮೇಲೆ ಓಡಾಡುತ್ತಲೇ ಇದ್ದವು. ನಿನ್ನ ತಪ್ಪಿಲ್ಲ ಎಂದು ಅವಳು ಹೇಳಲಿಲ್ಲ. ಆ ಮಾತನ್ನು ನಾಲ್ಕು ತಿಂಗಳಿಂದ ಹೇಳಿದವರು ಬಹಳ ಮಂದಿ ಇದ್ದರು.

"ಮಗಳ ಮಾತು ನನಗ ಗೊತ್ತಿಲ್ಲ ಯವ್ವಾ. ಜ್ವರದ ಮಾತು ನನಗ ತಿಳಿಯಂಗಿಲ್ಲ," ಎಂದಳು. "ಇದರ ಮಾತು ಹೇಳ್ತೀನಿ. ಉಪವಾಸ ಹಾಕು ಅಂತ ನಾ ಹೇಳ್ಲಿಲ್ಲ. ಇದರ ಊಟ ಹುಲ್ಲು. ಮೂರು ಹೊತ್ತೂ ಹುಲ್ಲು ಹಲ್ಲಿನ್ಯಾಗ ಆಡ್ತಿದ್ರ ಇದರ ಕರುಳು ನಡೀತದ. ಬೆಲ್ಲ ರೊಟ್ಟಿ ಹಾಕಿ ನೀ ಇಷ್ಟ ದಿನ ಇದನ್ನ ಉಪವಾಸ ಕೆಡವೀದಿ. ಈಗ ಉಣಸು ಅಂತೀನಿ."

ಮಾತು ಮಾಣಿಕಮ್ಮನಿಗೆ ನಾಟಿತು. ಎದ್ದು ಒಳಗೆ ಹೋಗುತ್ತಾಳೆ, ಇನ್ನು ಹೊರಗೆ ಬರುವುದಿಲ್ಲ ಎಂದು ಹೊಸ್ತಿಲಾಚೆ ನಿಂತ ಈಶಪ್ಪನಿಗೆ ಅನ್ನಿಸಿತು. ಆದರೆ ಅವಳು ಮರೆಮ್ಮನ ಪಕ್ಕಕ್ಕೆ ಸರಿದು ಕೂತು, ಎಲ್ಲಿ ನೀವಬೇಕು ತೋರಿಸಿ ಎಂದು ಕೈ ಚಾಚಿದಳು.

ಅಂದು ಇಡೀ ಬೆಳಗು ಮರೆಮ್ಮ ಕಲಿಸಿದಳು. ಅವಳಿಗೂ ಅವಸರವಿತ್ತು. ಹಿಂಡು ಆ ಮಧ್ಯಾಹ್ನವೇ ಕೊಡಂಗಲ್ ದಾರಿ ಹಿಡಿಯುವುದಿತ್ತು, ಬಕ್ಕಪ್ಪ ಆಗಲೇ ಹಗ್ಗ ಬಲೆ ಸುತ್ತತೊಡಗಿದ್ದ. ಹೊಟ್ಟೆಗೆ ಕಿವಿ ಇಟ್ಟು ಕೇಳುವುದನ್ನು ಮೊದಲು ಕಲಿಸಿದಳು. ಒಳಗೆ ಗುಳುಗುಳು ಎಂದರೆ ಕರುಳು ನಡೆದಿದೆ. ಏನೂ ಕೇಳದಿದ್ದರೆ ನಿಂತಿದೆ. ಢಬಢಬ ಎಂದರೆ ಗಾಳಿ ತುಂಬಿದೆ, ಆಗ ಒತ್ತಬಾರದು, ಬಿಸಿ ಕೊಟ್ಟು, ಮೇಲಿಂದ ಮೇಲೆ ಹಗುರಾಗಿ ನೀವಿ, ನಡೆಸಬೇಕು. ಕಿವಿ ತಣ್ಣಗಾದರೆ ಮೊದಲು ಮೈ ಬೆಚ್ಚಗೆ ಮಾಡಬೇಕು, ಆಮೇಲೆ ಮಿಕ್ಕಿದ್ದು. ಹುಲ್ಲು ಬೂಸಲು ಹಿಡಿದಿರಬಾರದು, ಇಬ್ಬನಿ ಆರದ ಹಸಿ ಹುಲ್ಲನ್ನು ರಾಶಿಯಾಗಿ ಹಾಕಬಾರದು. ಮೈ ಚೇತರಿಸಿದ ಮೇಲೆ ಕೊತ್ತಂಬರಿಯ ನಾಲ್ಕು ಎಸಳು, ಮೂಲಂಗಿಯ ಎಲೆ ಕೊಡಬಹುದು, ಅದೂ ಒಂದೊಂದೇ ಕೊಟ್ಟು ನೋಡಿ. ಕೂದಲು ಉದುರುವ ದಿನಗಳಲ್ಲಿ ಕೈ ಒದ್ದೆ ಮಾಡಿಕೊಂಡು ಮೈ ಸವರಿ ಉದುರಿದ್ದನ್ನು ತೆಗೆಯಬೇಕು, ಇಲ್ಲದಿದ್ದರೆ ಅದು ನೆಕ್ಕಿ ನುಂಗುತ್ತದೆ. ಇಷ್ಟರಲ್ಲಿ ಕೆಲವು ಕುರಿಯಿಂದ ಕಲಿತದ್ದು, ಕೆಲವು ಅಡವಿಯಲ್ಲಿ ಕಂಡದ್ದು, ಕೆಲವು ತನ್ನ ಊಹೆ ಎಂದೂ ಅವಳು ಮುಚ್ಚಿಡದೆ ಹೇಳಿದಳು. ಉಳಿಯುತ್ತದೋ ಎಂದು ಮಾಣಿಕಮ್ಮ ಕೇಳಿದ್ದಕ್ಕೆ, ನಾಳೆ ಬೆಳಗಿನೊಳಗೆ ಹಿಕ್ಕೆ ಬಿದ್ದರೆ ಉಳಿಯುತ್ತದೆ ಎಂದಳು.

ಮರೆಮ್ಮ ತನ್ನ ಕಂಬಳಿಯ ಒಂದು ಚೂರನ್ನು ಮೊಲಕ್ಕೆಂದು ಹರಿದುಕೊಟ್ಟು ಹೋದಳು. ತೊಗರಿ ಕಟ್ಟಿಗೆಯ ಹೊಲದಾಚೆ ಹಿಂಡಿನ ಧೂಳು ಎದ್ದು, ಸ್ವಲ್ಪ ಹೊತ್ತಿಗೆ ಅದೂ ಅಡಗಿತು. ಈಶಪ್ಪ ಅಂದು ಬಂಡಿ ಕಟ್ಟಲಿಲ್ಲ. ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ, ಮೊಲದ ಪಕ್ಕದಲ್ಲಿ ಇಡುವುದು, ಆರಿದರೆ ಬದಲಿಸುವುದು ಅವನ ಪಾಲಿನ ಕೆಲಸವಾಯಿತು. ಇಬ್ಬರೂ ಎದುರುಬದುರು ಕೂತಿದ್ದರು. ಹೊತ್ತು ಬಾಗಿ ಬೆಳಕು ಬಾಗಿಲೊಳಗೆ ಓರೆಯಾಗಿ ಬೀಳತೊಡಗಿತು. ವಾಡಿ ಕಡೆಯಿಂದ ಬಂದ ಪ್ಯಾಸೆಂಜರ್ ಗಾಡಿ ಸ್ಟೇಷನ್ನಿನಲ್ಲಿ ನಿಂತು ಹೊರಟಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಈಶಪ್ಪ ಮಾತಾಡಿದ.

"ನಾ ಕೊಟ್ಟಿದ್ದೆ."

ಮಾಣಿಕಮ್ಮ ತಲೆ ಎತ್ತಿದಳು. ಅವನು ಇನ್ನೊಂದು ಬತಾಸಿನ ಮಾತು ಹೇಳುತ್ತಿದ್ದಾನೆ, ಮೊಲಕ್ಕೆ ಅವನೂ ಏನೋ ಕೊಟ್ಟಿರಬೇಕು ಎಂದುಕೊಂಡಳು.

"ಕೌಶಲ್ಯಾಗ," ಎಂದ ಅವನು. "ಅವತ್ತ ಸಂಜಿ. ನೀ ಸುಗಲಾಬಾಯಿ ಮನಿಗಿ ಗಂಜಿ ಕಾಸಾಕ ಹೋಗಿದ್ದಿ. ಅಟ್ಟ ಹತ್ತಿ ಗಡಿಗಿ ತಗದೆ. ಕಡ್ಲಿ ಕಾಳಿನಷ್ಟ ಬೆಲ್ಲ."

ಅವಳ ಕೈ ಮೊಲದ ಮೇಲೆ ಹಾಗೇ ನಿಂತಿತು. ಒಂದೇ ಮಾತು ಕೇಳಿದಳು.

"ತಿಂದಳೇನ್ರಿ?"

"ನಾಲಿಗಿ ಮ್ಯಾಲ ಇಟ್ಟೆ. ಕಣ್ಣ ಮುಚ್ಚಿ ಚೀಪಿದಳು. ಅಪ್ಪಾ, ಅವ್ವಗ ಹೇಳಬ್ಯಾಡ, ಅವ್ವ ಅಂಜತಾಳ ಅಂದಳು." ಮುಂದಿನದನ್ನು ನೆಲ ನೋಡುತ್ತ ಹೇಳಿದ. "ಮುಂಜಾನಿ ಹೋಗೇಬಿಟ್ಟಳು. ಹಕೀಮರು ಒಂದು ಅಗಳೂ ಬ್ಯಾಡ ಅಂದಿದ್ದರು. ನಾನೇ ಕೊಂದೆ ಮಾಣಿಕಿ."

ಆ ನಾಲ್ಕು ತಿಂಗಳನ್ನು ಮಾಣಿಕಮ್ಮ ಆಗ ಮೊದಲ ಸಲ ಅವನ ಕಡೆಯಿಂದ ನೋಡಿದಳು. ಅವನು ಊಟಕ್ಕೆ ಕೂತು ಅರ್ಧಕ್ಕೆ ಏಳುತ್ತಿದ್ದುದು, ಹಬ್ಬಕ್ಕೆ ಸಿಹಿ ಮಾಡುವುದು ಬೇಡವೆಂದದ್ದು, ಅವಳು ಮೊಲಕ್ಕೆ ಬೆಲ್ಲ ಹಾಕುವಾಗ ಎದ್ದು ಹೊರಗೆ ಹೋಗುತ್ತಿದ್ದುದು. ತನ್ನ ಮೇಲಿನ ಸಿಟ್ಟಿಗೆ ಅವನು ಹಾಗೆ ಮಾಡುತ್ತಾನೆ ಎಂದು ಅವಳು ನಂಬಿದ್ದಳು. ಕೊಡದೆ ಕೊಂದೆ ಎಂದು ಅವಳು, ಕೊಟ್ಟು ಕೊಂದೆ ಎಂದು ಅವನು, ಒಂದೇ ಸೂರಿನ ಕೆಳಗೆ ಬದುಕಿದ್ದರು. ಮೊದಲು ಅವಳಿಗೆ ಬಂದದ್ದು ಸಿಟ್ಟಲ್ಲ. ಮಗಳ ಬಾಯಿ ಬರಿದಾಗಿ ಹೋಗಲಿಲ್ಲ ಎಂಬುದು ತಿಳಿದು ಅವಳ ಎದೆಯಲ್ಲಿ ಏನೋ ಸಡಿಲವಾಯಿತು. ಆಮೇಲೆ ಗಂಡನ ಮುಖ ಕಂಡಿತು. ತನ್ನ ಎದೆಯನ್ನು ಸಡಿಲಗೊಳಿಸಿದ ಆ ಬೆಲ್ಲದ ಭಾರವನ್ನೇ ಇಷ್ಟು ದಿನವೂ ಅವನು ಹೊತ್ತಿದ್ದನೆಂದು ತಿಳಿಯಿತು.

ಕಡಲೆ ಕಾಳಿನಷ್ಟು ಬೆಲ್ಲ ಮಗುವನ್ನು ಕೊಲ್ಲುತ್ತದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಕೊಲ್ಲುವುದಿಲ್ಲ ಎಂದು ಹೇಳಿ ಅವನನ್ನು ಸಮಾಧಾನ ಮಾಡಬಹುದಿತ್ತು. ಆದರೆ ಗೊತ್ತಿಲ್ಲದ ಮಾತನ್ನು ಆ ಹೊತ್ತಿನಲ್ಲಿ ಆಡಲು ಅವಳಿಗೆ ಮನಸ್ಸಾಗಲಿಲ್ಲ. ಮೊಲವನ್ನು ಕಂಬಳಿಯ ಚೂರಿನ ಸಮೇತ ಎತ್ತಿ ಅವನ ತೊಡೆಯ ಮೇಲೆ ಇಟ್ಟಳು.

"ಕೈ ಕಾಯಿಸ್ಕೊಂಡು ಮೆಲ್ಲಕ ನೀವ್ರಿ," ಎಂದಳು. "ನನ್ನ ಕೈ ಸೋತಾವ."

ಅವನು ನೀವಿದ. ಅವನ ಬೆರಳುಗಳು ಕಲ್ಲು ಎತ್ತಿ ಎತ್ತಿ ಒರಟಾಗಿದ್ದವು, ಅವನಿಗೆ ಅಂಜಿಕೆ. ಅವಳು ಅವನ ಕೈಯ ಮೇಲೆ ಕೈ ಇಟ್ಟು ಎಷ್ಟು ಹಗುರಾಗಿ ಎಂದು ತೋರಿಸಿದಳು. ಅವನ ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ನಿಂತಿತು. ಅವಳೂ ಅತ್ತಳು. ಮಗಳನ್ನು ಒಯ್ದ ದಿನದ ನಂತರ ಇಬ್ಬರೂ ಒಂದೇ ಕಡೆ ಕೂತು ಅತ್ತದ್ದು ಅಂದೇ.

ಮರುದಿನ ಬೆಳ್ಳಗಾದಾಗ ಕಂಬಳಿ ಬಿಚ್ಚಿ ನೋಡಿದರು. ಏಳು ಹಿಕ್ಕೆಗಳಿದ್ದವು. ಸಣ್ಣವು, ಸೊಟ್ಟವು, ಆದರೆ ಗಟ್ಟಿಯಾಗಿದ್ದವು. ಮಾಣಿಕಮ್ಮ ಕಿವಿ ಇಟ್ಟಳು. ಒಳಗೆ ಎಲ್ಲೋ ಆಳದಲ್ಲಿ, ತಂಬಿಗೆಯಿಂದ ನೀರು ಬಗ್ಗಿಸಿದಂತೆ ಒಂದು ಸದ್ದು, ಆಮೇಲೆ ಮೌನ, ಆಮೇಲೆ ಮತ್ತೆ ಸದ್ದು. ಅವಳು ಗಂಡನನ್ನು ಕರೆದು ಅವನ ಕಿವಿಗೂ ಕೇಳಿಸಿದಳು. ಆದರೆ ಹುಲ್ಲು ಮುಂದೆ ಇಟ್ಟರೆ ಮೊಲ ಮೂತಿ ತಿರುಗಿಸಿತು. ಹೊರೆಯ ಹುಲ್ಲು ನಿನ್ನೆಯದು, ಮೇಲೆ ಎತ್ತಿನ ಉಸಿರು ಬಿದ್ದಿತ್ತು. ಹೊಸದು ಬೇಕಾಗಿತ್ತು.

ಈಶಪ್ಪ ಕುಡುಗೋಲು ತೆಗೆದುಕೊಂಡ. ಅವನು ಅಂಗಳಕ್ಕೆ ಇಳಿಯುವಷ್ಟರಲ್ಲಿ ಮಾಣಿಕಮ್ಮ ತಲೆಯ ಮೇಲೆ ಸೆರಗು ಹೊದ್ದು ಹಿಂದೆಯೇ ಬಂದಳು. ಎಂಥ ಹುಲ್ಲು ಎಂದು ನಿಮಗೆ ತಿಳಿಯುವುದಿಲ್ಲ, ನಾನೇ ನೋಡಿ ಕೊಯ್ಯುತ್ತೇನೆ ಎಂದಳು. ಅವನು ಕುಡುಗೋಲನ್ನು ಅವಳ ಕೈಗೆ ಕೊಟ್ಟ. ಮೊಲವನ್ನು ಸುಗಲಾಬಾಯಿಯ ಮಡಿಲಿಗೆ ಒಪ್ಪಿಸಿ, ಗಂಡ ಮುಂದೆ ಹೆಂಡತಿ ಹಿಂದೆ, ಕಾಗಿಣಾ ಹೊಳೆಯ ದಂಡೆಯವರೆಗೂ ನಡೆದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಯಾರೂ ಮಾತಾಡಿಸಲಿಲ್ಲ, ಅದೇ ಒಳ್ಳೆಯದಾಯಿತು. ಮಾಣಿಕಮ್ಮ ನೆರಳಿನ ಹುಲ್ಲನ್ನು ಬಿಟ್ಟು, ಬಿಸಿಲಿಗೆ ಇಬ್ಬನಿ ಆರಿದ ಇಳಿಜಾರಿನಲ್ಲಿ ಕೂತು ಎಳೆ ಎಳೆಯಾಗಿ ಆರಿಸಿ ಕೊಯ್ದಳು. ಕೌಶಲ್ಯಾ ಇಲ್ಲಿಗೂ ಬರುತ್ತಿದ್ದಳೇ ಎಂದು ಕೇಳಿದಳು. ಬರುತ್ತಿದ್ದಳು, ಆ ಬಂಡೆಯ ಮೇಲೆ ಕೂರುತ್ತಿದ್ದಳು, ಮೊಲ ಓಡಿಹೋದೀತೆಂದು ಅದರ ಮುಂಗಾಲಿಗೆ ಲಂಗದ ಲಾಡಿ ಕಟ್ಟಿ ಹಿಡಿದಿರುತ್ತಿದ್ದಳು ಎಂದ ಈಶಪ್ಪ. ಮಗಳ ವಿಷಯ ಅವಳಿಗೆ ಗೊತ್ತಿಲ್ಲದ್ದು ಇಷ್ಟಿತ್ತೇ ಎನ್ನಿಸಿತು. ಇನ್ನೂ ಹೇಳಿ ಎಂದಳು. ಅವನು ಹೇಳುತ್ತ ಹೋದ.

ಆ ಮಧ್ಯಾಹ್ನ ಹಂಜಿ ಮೊದಲ ಎಳೆಯನ್ನು ತುದಿಯಿಂದ ಹಿಡಿದು ಬುಡದವರೆಗೆ ತಿಂದಿತು. ಎರಡನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಸಂಜೆಯ ಹೊತ್ತಿಗೆ ಮೂಗು ಅಲುಗಿಸಿಕೊಂಡು ಎರಡು ಕಾಲ ಮೇಲೆ ನಿಂತು, ಬತಾಸಿನ ಡಬ್ಬಿ ಇರುತ್ತಿದ್ದ ಗೂಡಿನ ಕಡೆ ನೋಡಿತು. ಮಾಣಿಕಮ್ಮ ಎದ್ದು ನಿಂತಳು, ಗೂಡಿನವರೆಗೂ ಹೋದಳು. ಡಬ್ಬಿಯನ್ನು ತೆಗೆದು ಹೊರಗೆ ಹೋಗಿ ಸುಗಲಾಬಾಯಿಗೆ ಕೊಟ್ಟು ಬಂದಳು. ಆಮೇಲೆ ಮೊಲದ ಮುಂದೆ ಹುಲ್ಲು ಹರವಿ, ಅದು ಬಾಯಿ ಹಾಕುವವರೆಗೂ ಪಕ್ಕದಲ್ಲಿ ಕೂತಳು. ಹಾಗೆ ಕೂರುವುದು ಮೊದಲ ಒಂದು ತಿಂಗಳು ಅವಳಿಗೆ ಬಹಳ ಕಷ್ಟವಾಯಿತು. ಅದು ಬೇಡಿದಾಗಲೆಲ್ಲ ಅವಳಿಗೆ ಬೇರೆ ಮುಖ ಕಾಣುತ್ತಿತ್ತು. ಕೆಲವು ದಿನ ಈಶಪ್ಪ ಬಂದು ಅವಳ ಜಾಗದಲ್ಲಿ ಕೂರುತ್ತಿದ್ದ.

ಹಂಜಿಯ ಮೈ ಇಳಿದು ಹಗುರಾಯಿತು. ಹಿಂಬದಿಯ ಕೂದಲು ಶುಚಿಯಾಯಿತು. ಬೆಳಿಗ್ಗೆ ಅದು ಬಗ್ಗಿ ತನ್ನ ಮೆತ್ತನೆಯ ಹಿಕ್ಕೆ ತಿನ್ನುವಾಗ ಮಾಣಿಕಮ್ಮ ಬೇರೆ ಕಡೆ ತಿರುಗಿ ಕಸ ಹೊಡೆಯುತ್ತಿದ್ದಳು. ಮುಂದೆ ಎರಡು ಸಲ ಅದರ ಹೊಟ್ಟೆ ಕಟ್ಟಿತು. ಒಮ್ಮೆ ಕೂದಲು ಉದುರುವ ದಿನಗಳಲ್ಲಿ, ಇನ್ನೊಮ್ಮೆ ಮುಂಗಾರಿನ ಮಿರಗದ ಮಳೆಗೆ ಎದ್ದ ಎಳೆ ಹಸಿರನ್ನು ಯಾರೂ ನೋಡದಾಗ ಹೊಟ್ಟೆಬಿರಿಯೆ ತಿಂದು. ಎರಡು ಸಲವೂ ಗಂಡ ಹೆಂಡತಿ ಇಬ್ಬರೇ ಇಟ್ಟಿಗೆ ಕಾಯಿಸಿ, ಅಜವಾನದ ನೀರು ಹನಿಸಿ, ಸರದಿಯ ಮೇಲೆ ನೀವಿ ಅದನ್ನು ಉಳಿಸಿಕೊಂಡರು.

ಮಗಳು ಯಾವುದರಿಂದ ಹೋದಳು ಎಂಬುದು ಇಬ್ಬರಿಗೂ ಕೊನೆಯವರೆಗೆ ತಿಳಿಯಲಿಲ್ಲ. ಮರುವರ್ಷದ ಶ್ರಾವಣದಲ್ಲಿ ಮಾಣಿಕಮ್ಮ ಆ ಮಾತನ್ನು ಒಮ್ಮೆ ಎತ್ತಿದಳು. ದಂಡೆಯ ಮೇಲೆ ಹುಲ್ಲಿನ ಕಟ್ಟು ಬಿಗಿಯುತ್ತಿದ್ದರು. ಆ ಬೆಲ್ಲ ನನಗೆ ಹೇಳದೆ ಕೊಟ್ಟಿದ್ದು ನೀವು ಮಾಡಿದ ತಪ್ಪಲ್ಲ, ಹೇಳದೆ ಇಷ್ಟು ದಿನ ಒಬ್ಬರೇ ಇಟ್ಟುಕೊಂಡದ್ದು ತಪ್ಪು ಎಂದಳು. ಈಶಪ್ಪ ಹೌದೆಂದ. ಕಟ್ಟನ್ನು ಎತ್ತಿ ಅವಳ ತಲೆಯ ಮೇಲೆ ಇಟ್ಟು, ತನ್ನದನ್ನು ತಾನು ಹೊತ್ತು, ಮಳೆ ಬರುವ ಮುಂಚೆ ಮನೆ ಸೇರೋಣ ಎಂದು ಮುಂದೆ ನಡೆದ.

ಹಂಜಿ ಇನ್ನೂ ನಾಲ್ಕು ವರ್ಷ ಬದುಕಿತು.